ತಡೆಯಾಜ್ಞೆ ಸಿಗಲಿಲ್ಲ, ತೀರ್ಪಿನವರೆಗೆ ಕಾಯಬೇಕೇ?

ಪ್ರಶ್ನೆ: ಅಜ್ಜಂಪುರದ ಹತ್ತಿರ ನಮ್ಮ ಅಡಿಕೆ ತೋಟವಿದೆ. ಪಕ್ಕದವರ ಒತ್ತುವರಿ ವಿರುದ್ಧ ತರೀಕೆರೆಯಲ್ಲಿ ಕಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ದಾವೆ ಹೂಡಿದ್ದೇವೆ. ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿ, ಕೋರ್ಟ್ ಕಮಿಷನರ್ ನೇಮಕದ ಅರ್ಜಿ ಎರಡೂ ವಜಾ ಆಗಿವೆ. ತೀರ್ಪು ಬರುವವರೆಗೆ ಸುಮ್ಮನಿರಬೇಕೇ?

ಉತ್ತರ: ಬೇಕಿಲ್ಲ. ಆದರೆ ಎರಡು ಆದೇಶಗಳಿಗೂ ದಾರಿ ಬೇರೆ ಬೇರೆ.

ತಡೆಯಾಜ್ಞೆ ನಿರಾಕರಿಸಿದ ಆದೇಶದ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 43, ನಿಯಮ 1(ಆರ್) ಅಡಿ ಹಿರಿಯ ಸಿವಿಲ್ ನ್ಯಾಯಾಧೀಶರಲ್ಲಿ ಮೇಲ್ಮನವಿ ಹಾಕಬಹುದು. ಗಡುವು 30 ದಿನ. ಆದೇಶದ ದೃಢೀಕೃತ ನಕಲು ಪಡೆಯಲು ಹಿಡಿದ ಸಮಯ ಇದರಲ್ಲಿ ಸೇರದು. ನಕಲಿಗೆ ಇಂದೇ ಅರ್ಜಿ ಕೊಡಿ. ಆದೇಶ ತಪ್ಪೆನಿಸಿದರಷ್ಟೇ ಸಾಲದು. ದಾಖಲೆ ಗಮನಿಸದೆ ಅಥವಾ ಕಾನೂನಿಗೆ ವಿರುದ್ಧವಾಗಿ ನೀಡಿದ್ದಾರೆಂದು ತೋರಿಸಬೇಕು. ಪಹಣಿ, ಸರ್ವೆ ನಕ್ಷೆ ಇಲ್ಲಿ ಮುಖ್ಯ.

ಕಮಿಷನರ್ ಅರ್ಜಿ ವಜಾ ಮಾಡಿದ ಆದೇಶ ಆ ನಿಯಮದ ಮೇಲ್ಮನವಿ ಪಟ್ಟಿಯಲ್ಲಿಲ್ಲ. ಸಂವಿಧಾನದ 227ನೇ ವಿಧಿಯಡಿ ಬೆಂಗಳೂರಿನ ಹೈಕೋರ್ಟಿಗೆ ಹೋಗಬಹುದು. ಅಲ್ಲಿ ಮಧ್ಯಪ್ರವೇಶ ಅಪರೂಪ. ಸಾಕ್ಷ್ಯ ಮುಗಿದ ಮೇಲೆ ಮತ್ತೆ ಅರ್ಜಿ ಹಾಕುವುದೇ ಹಲವು ಸಲ ಲೇಸು. ಕೊನೆಗೆ ದಾವೆ ಸೋತರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 105ನೇ ಕಲಮಿನಡಿ ಈ ತಕರಾರನ್ನು ಅಂತಿಮ ಮೇಲ್ಮನವಿಯಲ್ಲಿ ಎತ್ತಬಹುದು.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಮೂಲ ದಾವೆ ನಿಲ್ಲದು. ಅಲ್ಲಿನ ವಾಯಿದೆ ತಪ್ಪಿಸಬೇಡಿ.