ಎಲ್ಕ್ ಬೇಟೆಗೆ ಹೊರಡುವವರಿಗೆ ಕಿವಿಮಾತು

ಅಮೆರಿಕದ ರಾಕಿ ಪರ್ವತಗಳ ದುರ್ಗಮ ಕಾಡುಗಳಲ್ಲಿ ದೊಡ್ಡ ಕೊಂಬಿನ ಗಂಡು ಎಲ್ಕ್ ಅನ್ನು, ಎಂದರೆ ಕಡವೆಯ ಬಳಗದ ಭಾರೀ ಜಿಂಕೆಯನ್ನು, ಬೇಟೆಯಾಡಬಯಸುವವರು ಗುರಿಯ ಅಭ್ಯಾಸಕ್ಕಿಂತ ಮೊದಲು ಮಾಂಸದ ಭಾರವನ್ನು ಲೆಕ್ಕ ಹಾಕುವುದು ಲೇಸು. ಸುಮಾರು 300 ಕಿಲೋ ತೂಗುವ ಈ ಪ್ರಾಣಿಯ ಮೂಳೆ ಬಿಡಿಸಿದ ಮೇಲೂ 100 ಕಿಲೋ ಆಸುಪಾಸಿನ ಮಾಂಸ ಉಳಿಯುವುದರಿಂದ, ಒಂಟಿ ಬೇಟೆಗಾರ ಅದನ್ನು ಬೆನ್ನ ಮೇಲೆ ಹೊತ್ತು ತರಲು ಹಲವು ಸಲ ಓಡಾಡಬೇಕಾಗುತ್ತದೆ. ಚರ್ಮವನ್ನು ಬೇಗನೆ ಸುಲಿಯದಿದ್ದರೆ ತೊಡೆಮೂಳೆಯ ಸುತ್ತ ಶಾಖ ಉಳಿದು ಮಾಂಸ ಒಳಗಿನಿಂದಲೇ ಕೆಡುತ್ತದೆ. ಕೊಂಬನ್ನಷ್ಟೇ ಒಯ್ದು ಮಾಂಸವನ್ನು ಕಾಡಿನಲ್ಲೇ ಬಿಡುವುದು ಕೊಲರಾಡೊ, ವಯೋಮಿಂಗ್‌ಗಳಲ್ಲಿ ಅಪರಾಧ. ಅಪರಾಧವಲ್ಲದಿದ್ದರೂ ಅದು ಹೇಯವೇ ಆಗಿರುತ್ತಿತ್ತು.

ಸೆಪ್ಟೆಂಬರ್ ಎಲ್ಕ್‌ಗಳ ಬೆದೆಗಾಲವಾದ್ದರಿಂದ ಗಂಡುಗಳು ಸಿಳ್ಳೆಯಂತೆ ಕೂಗುತ್ತವೆಯಾದರೂ, ಆ ಕೂಗನ್ನು ಅನುಸರಿಸುವವರು ಗಾಳಿಯನ್ನು ಮರೆಯಬಾರದು: ಮುಂಜಾನೆ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುವ ತಂಪು ಗಾಳಿ ಬಿಸಿಲೇರಿದಂತೆ ಮೇಲ್ಮುಖವಾಗುವುದರಿಂದ, ನಸುಕಿನಲ್ಲಿ ಕೆಳಗಿನಿಂದ ಏರಿ, ಹೊತ್ತೇರಿದ ಮೇಲೆ ಪ್ರಾಣಿಗಿಂತ ಎತ್ತರದಲ್ಲಿದ್ದು ಸಮೀಪಿಸಿದರೆ ಮನುಷ್ಯನ ವಾಸನೆ ಅದಕ್ಕೆ ತಾಗುವ ಸಂಭವ ಕಡಿಮೆ. ವಯೋಮಿಂಗ್‌ನಲ್ಲಿ ‘ವಿಲ್ಡರ್ನೆಸ್’ ಎಂದು ಘೋಷಿತವಾದ, ವಾಹನಗಳಿಗೆ ಪ್ರವೇಶವಿಲ್ಲದ ಅರಣ್ಯಭಾಗಗಳಲ್ಲಿ ಎಲ್ಕ್ ಬೇಟೆಯಾಡುವ ಹೊರರಾಜ್ಯದವರು ಪರವಾನಗಿ ಪಡೆದ ಮಾರ್ಗದರ್ಶಿಯನ್ನಾಗಲಿ, ಅನುಮತಿ ಪಡೆದ ಸ್ಥಳೀಯರನ್ನಾಗಲಿ ಜೊತೆಗಿಟ್ಟುಕೊಳ್ಳಲೇಬೇಕು.