ಸದ್ದು ಬಂದು ಹೋಗುವ ಹಳೆಯ ಆಂಪ್ಲಿಫಾಯರ್: ದೋಷ ಹುಡುಕುವ ಕ್ರಮ



ಹೊಳೆಮಣ್ಣೂರಿನಂಥ ಹೊಳೆದಂಡೆಯ ಹಳ್ಳಿಗಳಲ್ಲಿ ಹಳೆಯ ಸ್ಟೀರಿಯೋ ಆಂಪ್ಲಿಫಾಯರ್ ಇಟ್ಟುಕೊಂಡ ಮನೆಗಳು ಇನ್ನೂ ಇವೆ. ಕ್ಯಾಸೆಟ್ಟಿನ ಕಾಲ ಹೋಯಿತು. ಈಗ ಅದೇ ಪೆಟ್ಟಿಗೆಗೆ ಮೊಬೈಲಿನ ವಾಯರ್ ಸಿಕ್ಕಿಸಿ ವಚನ, ಭಜನೆ, ಡೊಳ್ಳಿನ ಪದ ಕೇಳುತ್ತೇವೆ. ಪೆಟ್ಟಿಗೆ ಹಳೆಯದಾದಂತೆ ಅದಕ್ಕೊಂದು ರೋಗ ಹತ್ತುತ್ತದೆ. ಹಾಡು ನಡೆದಿರುವಾಗಲೇ ಒಂದು ಬದಿಯ ಸದ್ದು ನಿಲ್ಲುತ್ತದೆ. ಮೇಲೊಂದು ಗುದ್ದು ಕೊಟ್ಟರೆ ಮತ್ತೆ ಬರುತ್ತದೆ. ನಾಳೆ ಪುನಃ ಹೋಗುತ್ತದೆ.

ಇಂಥ ವೇಳೆಯಲ್ಲಿ ಎರಡು ತರದ ಹಾನಿಯಾಗುವದುಂಟು. ಬೇಸತ್ತು ಒಳ್ಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವದು ಒಂದು. ಕರೆಂಟು ಇರುವಾಗಲೇ ಪೆಟ್ಟಿಗೆಯನ್ನು ಬಿಚ್ಚಿ ಜೀವಕ್ಕೆ ಅಪಾಯ ತಂದುಕೊಳ್ಳುವದು ಇನ್ನೊಂದು. ಇವೆರಡನ್ನೂ ತಪ್ಪಿಸುವದೇ ಈ ಪಾಠದ ಉದ್ದೇಶ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸುಟ್ಟು ಹೋದ ಭಾಗ ಸುಟ್ಟೇ ಇರುತ್ತದೆ. ಅದು ಒಮ್ಮೆ ಹಾಡಿ ಒಮ್ಮೆ ಸುಮ್ಮನಾಗುವದು ಅಪರೂಪ. ಸದ್ದು ಬಂದು ಹೋಗುತ್ತಿದ್ದರೆ ಬಹುತೇಕ ದೋಷವಿರುವದು ಒಂದಕ್ಕೊಂದು ಕೂಡುವ ಜಾಗದಲ್ಲಿ. ಪ್ಲಗ್ಗು, ವಾಯರಿನ ತುದಿ, ತಿರುಗುವ ಗುಂಡಿ, ಒತ್ತುವ ಸ್ವಿಚ್ಚು, ಬೆಸುಗೆ, ಇವೇ ಆ ಜಾಗಗಳು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಾರದಿದ್ದರೆ ನಾವು ಕಾಲುವೆಯನ್ನೆಲ್ಲ ಅಗೆಯುವದಿಲ್ಲ. ಒಂದೊಂದು ತೂಬನ್ನು ನೋಡುತ್ತ ಹೋಗುತ್ತೇವೆ. ಇಲ್ಲಿಯೂ ಹಾಗೆಯೇ ಮಾಡತಕ್ಕದ್ದು.

ಮೊದಲು ಜೀವ, ಬಳಿಕ ಪೆಟ್ಟಿಗೆ

ನಮ್ಮ ಮನೆಯ ಕರೆಂಟು 230 ವೋಲ್ಟಿನದು. ಪೆಟ್ಟಿಗೆಯ ಸ್ವಿಚ್ಚು ಆರಿಸಿದರೆ ಸಾಲದು, ಗೋಡೆಯ ಪ್ಲಗ್ಗನ್ನೇ ಕಿತ್ತಿಡಬೇಕು. ಹಾಗೆ ಕಿತ್ತ ಬಳಿಕವೂ ಒಳಗಿನ ದೊಡ್ಡ ಕೆಪ್ಯಾಸಿಟರುಗಳು ಹಗೇವಿನಲ್ಲಿ ಕಾಳು ಉಳಿದಂತೆ ವಿದ್ಯುತ್ತನ್ನು ಕೆಲಹೊತ್ತು ಹಿಡಿದಿಟ್ಟುಕೊಂಡಿರುತ್ತವೆ. ಗಾಜಿನ ವಾಲ್ವಿನ ಹಳೆಯ ಪೆಟ್ಟಿಗೆಗಳಲ್ಲಿ ಒಳಗೆ ಹಲವು ನೂರು ವೋಲ್ಟು ಇರುತ್ತದೆ. ಆದ್ದರಿಂದ ಈ ಪಾಠದಲ್ಲಿ ಹೇಳಿದ ಪರೀಕ್ಷೆಗಳೆಲ್ಲ ಮುಚ್ಚಳ ತೆಗೆಯದೆ ಹೊರಗಿನಿಂದ ಮಾಡುವಂಥವು. ಒಳಗಿನ ಕೆಲಸ ಬಲ್ಲ ದುರಸ್ತಿಗಾರನದು.

2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆ ಉಕ್ಕಿ ದಂಡೆಯ ಊರುಗಳಿಗೆ ನೀರು ಹೊಕ್ಕದ್ದು ನಿಮಗೆ ನೆನಪಿದೆ. ನೆರೆಯಲ್ಲಿ ಮುಳುಗಿದ ಪೆಟ್ಟಿಗೆಯನ್ನು ಬಿಸಿಲಿಗೆ ಒಣಗಿಸಿ ಪ್ಲಗ್ಗಿಗೆ ಹಾಕಬಾರದು. ಹೊರಗೆ ಒಣಗಿದಂತೆ ಕಂಡರೂ ಒಳಗೆ ರಾಡಿ, ತೇವ ಉಳಿದಿರುತ್ತವೆ. ಅದರಿಂದ ಪೆಟ್ಟಿಗೆಯ ಲೋಹದ ಮೈಗೇ ಕರೆಂಟು ಬರಬಹುದು. ಅಂಥದನ್ನು ಬಿಚ್ಚಿ ತೊಳೆದು ಪರೀಕ್ಷಿಸಿದ ಹೊರತು ಹಚ್ಚಲೇಬಾರದು.

ಲಕ್ಷಣಗಳನ್ನು ಬರೆದಿಡಿರಿ

ಬೆಳೆ ಹಳದಿಯಾದರೆ ನಾವು ಮೊದಲು ಏನು ನೋಡುತ್ತೇವೆ? ಹಳದಿ ಕೆಳಗಿನ ಹಳೆಯ ಎಲೆಗೆ ಮೊದಲು ಬಂದಿತೋ, ಮೇಲಿನ ಎಳೆಯ ಎಲೆಗೆ ಬಂದಿತೋ ಎಂದು. ಹಳೆಯ ಎಲೆಯಾದರೆ ಸಾರಜನಕದ ಕೊರತೆ ಇರಬಹುದು. ಎಳೆಯ ಎಲೆಯಾದರೆ ಕಬ್ಬಿಣದ ಕೊರತೆ ಇರಬಹುದು. ಎಲ್ಲಿ, ಯಾವಾಗ ಎಂಬುದೇ ಅರ್ಧ ಉತ್ತರ. ಪೆಟ್ಟಿಗೆಯ ವಿಷಯದಲ್ಲಿಯೂ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಳ್ಳಿರಿ.

1. ಸದ್ದು ಹೋಗುವದು ಒಂದು ಬದಿಯೋ, ಎರಡೂ ಬದಿಯೋ?
2. ಹಚ್ಚಿದ ಕೂಡಲೆ ಹೋಗುವದೋ, ಅರ್ಧ ತಾಸು ಕಾಯ್ದ ಬಳಿಕವೋ?
3. ಗುಂಡಿ ತಿರುಗಿಸುವಾಗ ಕರಕರ ಎನ್ನುವದೋ?
4. ಸದ್ದು ಜೋರು ಮಾಡಿದಾಗ ಹೋಗುವದೋ, ಸಣ್ಣದಿದ್ದಾಗ ಹೋಗುವದೋ?
5. ಸದ್ದು ಹೋದ ವೇಳೆಗೆ ಮನೆಯ ದೀಪವೂ ಮಂಕಾಗುವದೋ?

ಐದನೆಯ ಪ್ರಶ್ನೆಯನ್ನು ಅಲಕ್ಷ್ಯ ಮಾಡಬೇಡಿರಿ. ಪಂಪುಸೆಟ್ಟುಗಳು ಏಕಕಾಲಕ್ಕೆ ಓಡುವಾಗ ವೋಲ್ಟೇಜು ಇಳಿಯುವದುಂಟು. ಆಗ ಪೆಟ್ಟಿಗೆಯೊಳಗಿನ ರಿಲೇ ಎಂಬ ಸ್ವಿಚ್ಚು ಹಿಡಿತ ಬಿಟ್ಟು ಎರಡೂ ಬದಿಯ ಸದ್ದು ನಿಲ್ಲಬಹುದು. ಅದು ಪೆಟ್ಟಿಗೆಯ ದೋಷವಲ್ಲ.

ರೇಡಿಯೋ ಕೇಳುವವರು ಇನ್ನೊಂದು ಮಾತು ತಿಳಿದಿರಬೇಕು. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾದಂದಿನಿಂದ ನಮ್ಮ ಭಾಗದವರಿಗೆ ಮಧ್ಯಮ ತರಂಗದ ರೇಡಿಯೋ ರೂಢಿಯಾಗಿದೆ. ಹೊತ್ತು ಮುಳುಗಿದ ಬಳಿಕ ಈ ತರಂಗಗಳು ಮೇಲಿನ ವಾಯುಮಂಡಲಕ್ಕೆ ತಾಗಿ ಮರಳಿ ಬರುವದರಿಂದ ದೂರದ ನಿಲಯಗಳ ಸದ್ದು ತಾನಾಗಿಯೇ ಏರಿಳಿಯುತ್ತದೆ. ಹತ್ತಿರ ಮೋಟಾರು ಓಡಿದರೂ ಗರಗರ ಬರುತ್ತದೆ. ಆದ್ದರಿಂದ ಪೆಟ್ಟಿಗೆಯ ಪರೀಕ್ಷೆಯನ್ನು ರೇಡಿಯೋದಿಂದ ಮಾಡದೆ, ಮೊಬೈಲಿನಲ್ಲಿ ತುಂಬಿಟ್ಟ ಹಾಡಿನಿಂದ ಮಾಡಿರಿ.

ಎರಡು ಬದಿ ಎಂದರೆ ಎರಡು ತಾಕು

ಹೊಸ ಬೀಜದ ಗುಣ ತಿಳಿಯಲು ಪ್ರಾತ್ಯಕ್ಷಿಕೆಯ ತಾಕಿನ ಪಕ್ಕದಲ್ಲಿ ಹಳೆಯ ಬೀಜದ ತಾಕನ್ನೂ ಇಡುತ್ತೇವೆ. ಒಂದರ ಪಕ್ಕ ಒಂದಿದ್ದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಸ್ಟೀರಿಯೋ ಪೆಟ್ಟಿಗೆಯಲ್ಲಿ ಇಂಥ ಎರಡು ತಾಕುಗಳು ತಯಾರಾಗಿಯೇ ಇವೆ. ಎಡ ಬಲ ಎರಡರ ರಚನೆಯೂ ಒಂದೇ. ಒಂದು ಕೆಟ್ಟಾಗ ಇನ್ನೊಂದು ಅದಕ್ಕೆ ಸಾಕ್ಷಿ.

ಎಡಗಡೆಯ ಸದ್ದು ಹೋಗುತ್ತಿದೆ ಎಂದು ತಿಳಿಯೋಣ.

ಮೊದಲನೆಯ ಪರೀಕ್ಷೆ: ಸ್ಪೀಕರುಗಳ ಅದಲುಬದಲು. ಪೆಟ್ಟಿಗೆ ಆರಿಸಿ, ಪ್ಲಗ್ಗು ಕಿತ್ತು, ಪೆಟ್ಟಿಗೆಯ ಹಿಂದಿರುವ ಎಡ ಸ್ಪೀಕರಿನ ವಾಯರನ್ನು ಬಲದ ಜಾಗಕ್ಕೂ ಬಲದ್ದನ್ನು ಎಡದ ಜಾಗಕ್ಕೂ ಹಾಕಿರಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಇರಲಿ. ಈಗ ಹಚ್ಚಿ ಕೇಳಿರಿ. ಮೌನ ಮೊದಲಿನ ಎಡ ಸ್ಪೀಕರಿನಲ್ಲಿಯೇ ಉಳಿದರೆ ದೋಷ ಆ ಸ್ಪೀಕರಿನದು ಇಲ್ಲವೆ ಅದರ ವಾಯರಿನದು. ಮೌನ ಬಲ ಸ್ಪೀಕರಿಗೆ ಹೋದರೆ ಸ್ಪೀಕರು ನಿರ್ದೋಷಿ. ದೋಷ ಪೆಟ್ಟಿಗೆಯಲ್ಲಿ ಇಲ್ಲವೆ ಅದಕ್ಕಿಂತ ಹಿಂದೆ ಇದೆ.

ಎರಡನೆಯ ಪರೀಕ್ಷೆ: ಒಳಬರುವ ವಾಯರಿನ ಅದಲುಬದಲು. ಸ್ಪೀಕರುಗಳನ್ನು ಮೊದಲಿನಂತೆ ಹಾಕಿ, ಮೊಬೈಲಿನಿಂದ ಬರುವ ಕೆಂಪು, ಬಿಳಿ ಪ್ಲಗ್ಗುಗಳನ್ನು ಪೆಟ್ಟಿಗೆ ಆರಿಸಿಯೇ ಅದಲುಬದಲು ಮಾಡಿರಿ. ಮೌನ ಬಲಕ್ಕೆ ಹೋದರೆ ದೋಷ ಮೊಬೈಲಿನ ವಾಯರಿನದು. ಮೌನ ಎಡದಲ್ಲಿಯೇ ಉಳಿದರೆ ದೋಷ ಪೆಟ್ಟಿಗೆಯ ಒಳಗಿದೆ.

ಮೂರನೆಯ ಪರೀಕ್ಷೆ: ಪೆಟ್ಟಿಗೆಗೆ ಹೆಡ್‌ಫೋನಿನ ತೂತು ಇದ್ದರೆ ಅದರಲ್ಲಿ ಕೇಳಿರಿ. ಸ್ಪೀಕರಿನಲ್ಲಿ ಸದ್ದು ಹೋದಾಗಲೂ ಹೆಡ್‌ಫೋನಿನಲ್ಲಿ ಎರಡೂ ಬದಿ ಚೆನ್ನಾಗಿದ್ದರೆ ದೋಷ ಬಹುಮಟ್ಟಿಗೆ ರಿಲೇಯಲ್ಲಿ ಇಲ್ಲವೆ ಸ್ಪೀಕರಿನ ಸ್ವಿಚ್ಚಿನಲ್ಲಿ ಇರುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಗೊಬ್ಬರವನ್ನೂ ಬೀಜವನ್ನೂ ಒಮ್ಮೆಲೆ ಬದಲಿಸಿದರೆ ಇಳುವರಿ ಯಾವುದರಿಂದ ಹೆಚ್ಚಿತೆಂದು ಹೇಳಲಾಗುವದಿಲ್ಲ. ಎರಡನೆಯದಾಗಿ, ದೋಷ ಕಾಣಿಸಿಕೊಂಡಿರುವಾಗಲೇ ಪರೀಕ್ಷೆ ಮಾಡಿರಿ. ಚೆನ್ನಾಗಿ ಹಾಡುವಾಗ ಬದಲಿಸಿ ನೋಡಿದರೆ ಏನೂ ತಿಳಿಯದು. ಪ್ಲಗ್ಗು ಕಿತ್ತು ಹಾಕಿದ ಕೂಡಲೆ ಸದ್ದು ಬಂದರೆ ದೋಷ ತೀರಿತೆಂದು ಎದ್ದು ಹೋಗಬೇಡಿರಿ. ಆ ಜಾಗವೇ ದೋಷದ್ದಿರಬಹುದು. ಅದನ್ನು ಗುರುತು ಹಾಕಿಕೊಂಡು, ಒಂದು ತಾಸು ಹಾಡಿಸಿ ನೋಡಿರಿ.

ಮನೆಯಲ್ಲಿಯೇ ಮಾಡಬಹುದಾದ ಉಪಾಯಗಳು

ಸ್ಪೀಕರಿನ ವಾಯರು: ತುದಿ ಕಪ್ಪಾಗಿದ್ದರೆ ಅಷ್ಟನ್ನು ಕತ್ತರಿಸಿ, ಒಂದು ಸೆಂಟಿಮೀಟರಿನಷ್ಟು ಹೊಸ ತಾಮ್ರ ತೆಗೆದು, ಬಿಗಿಯಾಗಿ ಹೊಸೆದು ಹಾಕಿರಿ. ಒಂದೇ ಒಂದು ಎಳೆ ಪಕ್ಕದ ವಾಯರಿಗೆ ತಾಗಿದರೂ ಪೆಟ್ಟಿಗೆಯ ಟ್ರಾನ್ಸಿಸ್ಟರು ಸುಡಬಹುದು. ಇಲಿ ಕಡಿದ ಜಾಗವಿದೆಯೇ ಎಂದು ವಾಯರನ್ನು ಉದ್ದಕ್ಕೂ ನೋಡಿರಿ. ಕೆಂಪು ಕಪ್ಪು ತಿರುಗಮುರುಗಾದರೆ ಸದ್ದು ನಿಲ್ಲುವದಿಲ್ಲ, ಆದರೆ ಡೋಲಿನ ದಪ್ಪ ಸದ್ದು ತೆಳುವಾಗುತ್ತದೆ.

ಒಳಬರುವ ಪ್ಲಗ್ಗು: ಹೊರಗಿನ ಉಂಗುರ ಸಡಿಲಾದರೆ ಗುಂಯ್ ಎಂಬ ದೊಡ್ಡ ಸದ್ದು ಬರುತ್ತದೆ. ನಡುವಿನ ಕಡ್ಡಿ ಸಡಿಲಾದರೆ ಸದ್ದು ಕಡಿಯುತ್ತದೆ. ಪೆಟ್ಟಿಗೆ ಆರಿಸಿ, ಒಣ ಬಟ್ಟೆಯಿಂದ ಒರೆಸಿ, ಉಂಗುರವನ್ನು ಇಕ್ಕಳದಿಂದ ತುಸುವೇ ಒತ್ತಿರಿ.

ಗುಂಡಿ ಮತ್ತು ಸ್ವಿಚ್ಚು: ನಮ್ಮದು ಎರೆ ಭೂಮಿ. ಬೇಸಿಗೆಯ ಗಾಳಿಗೂ ಜೋಳ, ಕಡಲೆಯ ಒಕ್ಕಲಿಯ ಕಾಲಕ್ಕೂ ಏಳುವ ಸಣ್ಣ ಧೂಳು ಎಲ್ಲ ಸಂದಿಗೂ ಸೇರುತ್ತದೆ. ಬಹಳ ದಿನ ತಿರುಗಿಸದ ಸ್ವಿಚ್ಚಿನ ತಗಡಿಗೆ ಕಿಲುಬು ಹಿಡಿಯುತ್ತದೆ. ಪ್ಲಗ್ಗು ಕಿತ್ತಿಟ್ಟು ಪ್ರತಿಯೊಂದು ಗುಂಡಿಯನ್ನು ಆ ತುದಿಯಿಂದ ಈ ತುದಿಯವರೆಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿರಿ. ಸ್ವಿಚ್ಚುಗಳನ್ನೂ ಅಷ್ಟೇ ಸಲ ಒತ್ತಿ ಬಿಡಿರಿ. ಇಷ್ಟರಿಂದಲೇ ಎಷ್ಟೋ ಪೆಟ್ಟಿಗೆಗಳು ಸರಿಯಾಗುತ್ತವೆ. ಸರಿಯಾಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಎಂಬ ದ್ರವವನ್ನು ದುರಸ್ತಿಗಾರನಿಂದ ಒಳಗೆ ಹಾಕಿಸಿರಿ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಸೀಮೆಎಣ್ಣೆ ಬಿಡಬೇಡಿರಿ. ಎಣ್ಣೆಗೆ ಧೂಳು ಅಂಟಿ ಮುಂದೆ ಮತ್ತಷ್ಟು ಕೆಡುತ್ತದೆ. ಸೀಮೆಎಣ್ಣೆಗೆ ಬೆಂಕಿಯ ಭಯವೂ ಉಂಟು.

ಟೇಪ್ ಮಾನಿಟರ್ ಗುಂಡಿ: ಹಳೆಯ ಪೆಟ್ಟಿಗೆಗಳಲ್ಲಿ ಈ ಹೆಸರಿನ ಗುಂಡಿ ಇರುವದುಂಟು. ಟೇಪ್ ರಿಕಾರ್ಡರು ಇಲ್ಲದಿದ್ದಾಗ ಅದು ಒತ್ತಿಕೊಂಡಿದ್ದರೆ ಸದ್ದೇ ಬರುವದಿಲ್ಲ. ದುರಸ್ತಿಗೆ ಒಯ್ಯುವ ಮೊದಲು ಇದನ್ನು ನೋಡಿರಿ.

ಹೆಚ್ಚಿನ ಸ್ಪೀಕರು: ಜಾತ್ರೆ, ಮದುವೆಯಲ್ಲಿ ಒಂದೇ ಬದಿಗೆ ಎರಡು ಮೂರು ಸ್ಪೀಕರು ಜೋಡಿಸುವ ರೂಢಿಯಿದೆ. 8 ಓಮಿನ ಎರಡು ಸ್ಪೀಕರುಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿದರೆ ಪೆಟ್ಟಿಗೆಗೆ ಅದು 4 ಓಮಾಗುತ್ತದೆ. ಓಮು ಇಳಿದಷ್ಟೂ ಪೆಟ್ಟಿಗೆಯ ಮೇಲಿನ ಭಾರ ಹೆಚ್ಚು. ಒಂದೆತ್ತಿನ ನೊಗಕ್ಕೆ ಎರಡು ಬಂಡಿ ಕಟ್ಟಿದಂತೆ. ಪೆಟ್ಟಿಗೆ ಕಾಯ್ದು ತಾನೇ ಸದ್ದು ನಿಲ್ಲಿಸುತ್ತದೆ, ತಣ್ಣಗಾದ ಮೇಲೆ ಮತ್ತೆ ಹಾಡುತ್ತದೆ. ಪೆಟ್ಟಿಗೆಯ ಹಿಂದೆ ಬರೆದಿರುವ ಓಮಿಗಿಂತ ಕಡಿಮೆ ಮಾಡಬೇಡಿರಿ.

ದುರಸ್ತಿಗಾರನಿಗೆ ಹೇಳಬೇಕಾದ ಲಕ್ಷಣಗಳು

ಸದ್ದು ಸಣ್ಣದಿದ್ದಾಗ ಒಂದು ಬದಿ ಸುಮ್ಮನಿದ್ದು ಇಲ್ಲವೆ ಒಡಕಾಗಿದ್ದು, ಜೋರು ಮಾಡಿದ ಕೂಡಲೆ ಥಟ್ಟನೆ ಸರಿಯಾದರೆ ರಿಲೇಯ ತಗಡಿಗೆ ಕಿಲುಬು ಹಿಡಿದಿರುವ ಸಂಭವ ಹೆಚ್ಚು. ಪೆಟ್ಟಿಗೆ ಹಚ್ಚಿದ ಕೆಲವು ಸೆಕೆಂಡುಗಳ ಬಳಿಕ ಟಿಕ್ ಎನ್ನುವದೇ ಈ ರಿಲೇ.

ತಣ್ಣಗಿದ್ದಾಗ ಹಾಡಿ, ಕಾಯ್ದ ಬಳಿಕ ಒಂದು ಬದಿ ಹೋದರೆ, ಇಲ್ಲವೆ ಮುಚ್ಚಳಕ್ಕೆ ಬೆರಳಿನಿಂದ ತಟ್ಟಿದರೆ ಬಂದು ಹೋದರೆ, ಒಳಗೆ ಎಲ್ಲಿಯೋ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಕಾಯ್ದ ಲೋಹ ಹಿಗ್ಗುವದರಿಂದ ಬಿರುಕು ತೆರೆದುಕೊಳ್ಳುತ್ತದೆ. ಆ ಜಾಗಕ್ಕೆ ಹೊಸ ಬೆಸುಗೆ ಹಾಕಿದರೆ ಸಾಕು. ಗುದ್ದು ಕೊಟ್ಟು ಹಾಡಿಸುತ್ತ ಹೋದರೆ ಬಿರುಕು ದೊಡ್ಡದಾಗುತ್ತದೆ, ಹೊಸ ಬಿರುಕುಗಳೂ ಏಳುತ್ತವೆ.

ಎರಡೂ ಬದಿಯಲ್ಲಿ ಯಾವಾಗಲೂ ಗುಂಯ್ ಎಂಬ ಸದ್ದು ಇದ್ದು, ಗುಂಡಿ ಪೂರ್ಣ ಇಳಿಸಿದರೂ ಅದು ಹೋಗದಿದ್ದರೆ, ದೊಡ್ಡ ಕೆಪ್ಯಾಸಿಟರು ಹಳೆಯದಾಗಿ ಒಣಗಿರಬಹುದು.

ಹೊಗೆ, ಸುಟ್ಟ ವಾಸನೆ, ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುವದು, ಇವುಗಳಲ್ಲಿ ಯಾವುದು ಕಂಡರೂ ಪರೀಕ್ಷೆ ಬೇಡ. ಕೂಡಲೆ ಗೋಡೆಯ ಸ್ವಿಚ್ಚು ಆರಿಸಿ, ಪೆಟ್ಟಿಗೆಯನ್ನು ಮುಟ್ಟದೆ ಪ್ಲಗ್ಗು ಕಿತ್ತು ಬದಿಗಿಡಿರಿ.

ನೀವು ಬರೆದಿಟ್ಟ ಹಾಳೆಯನ್ನು ಪೆಟ್ಟಿಗೆಯ ಸಂಗಡ ದುರಸ್ತಿಗಾರನಿಗೆ ಕೊಡಿರಿ. ಬಂದು ಹೋಗುವ ದೋಷ ಅಂಗಡಿಯಲ್ಲಿ ಕಾಣಿಸಿಕೊಳ್ಳದೆ ಹೋಗಬಹುದು. "ಕೆಟ್ಟಿದೆ" ಎಂದಷ್ಟೇ ಹೇಳಿದರೆ ಅವನು ಊಹೆಯ ಮೇಲೆ ಭಾಗಗಳನ್ನು ಬದಲಿಸಬೇಕಾಗುತ್ತದೆ, ಅದರ ಖರ್ಚು ನಿಮ್ಮದು. "ಎಡ ಬದಿ, ಅರ್ಧ ತಾಸಿನ ಬಳಿಕ, ಸ್ಪೀಕರು ಬದಲಿಸಿ ನೋಡಿದೆ, ವಾಯರು ಬದಲಿಸಿ ನೋಡಿದೆ" ಎಂದು ಹೇಳಿದರೆ ಅವನ ಅರ್ಧ ಕೆಲಸ ನೀವೇ ಮಾಡಿದಂತೆ.

ಮುಂದಿನ ಕಾಳಜಿ

ಪೆಟ್ಟಿಗೆಯ ಮೇಲೆ ಕಸೂತಿ ಬಟ್ಟೆ ಹೊದಿಸಿ ಹಾಡಿಸಬೇಡಿರಿ. ಬಿಸಿ ಹೊರಹೋಗಲು ಸುತ್ತಲೂ ಒಂದು ಗೇಣು ಜಾಗ ಇರಲಿ. ಆರಿಸಿ ತಣ್ಣಗಾದ ಬಳಿಕ ಧೂಳು ಬೀಳದಂತೆ ಮುಚ್ಚಿರಿ. ಗುಡುಗು ಮಿಂಚಿನ ವೇಳೆಗೆ ಪ್ಲಗ್ಗು ಕಿತ್ತಿಡಿರಿ. ವಾರಕ್ಕೊಮ್ಮೆಯಾದರೂ ಹಾಡಿಸಿ, ಎಲ್ಲ ಗುಂಡಿಗಳನ್ನೂ ಒಮ್ಮೆ ತಿರುಗಿಸಿರಿ. ಹೊಳೆಗೆ ನೀರು ಬಿಡುವ ಸುದ್ದಿ ಬಂದರೆ ಕಾಳಿನ ಚೀಲದಂತೆ ಇದನ್ನೂ ಪ್ಲಗ್ಗು ಕಿತ್ತು ಎತ್ತರಕ್ಕೆ ಇಡಿರಿ.

ಯುವಕ ಸಂಘದಲ್ಲಿ ಚರ್ಚಿಸಲು ಪ್ರಶ್ನೆಗಳು

1. ಬಲ ಸ್ಪೀಕರಿನ ಸದ್ದು ಹೋಗಿದೆ. ಸ್ಪೀಕರಿನ ವಾಯರು ಅದಲುಬದಲು ಮಾಡಿದಾಗ ಎಡ ಸ್ಪೀಕರು ಸುಮ್ಮನಾಯಿತು. ದೋಷ ಸ್ಪೀಕರಿನದೋ, ಅಲ್ಲವೋ?
2. ಎರಡನ್ನು ಒಮ್ಮೆಲೆ ಬದಲಿಸಬಾರದೇಕೆ?
3. ಪ್ಲಗ್ಗು ಕಿತ್ತ ಬಳಿಕವೂ ಪೆಟ್ಟಿಗೆಯ ಒಳಗೆ ಕೈ ಹಾಕಬಾರದೇಕೆ?

ಈ ಮೂರಕ್ಕೆ ಉತ್ತರ ಹೇಳಬಲ್ಲವರು ಊರಿನ ಭಜನಾ ಮೇಳದ ಪೆಟ್ಟಿಗೆಯನ್ನೂ ಪರೀಕ್ಷಿಸಬಲ್ಲರು. ಅದು ಕೆಟ್ಟಾಗ ಮೊದಲು ಒಂದು ಹಾಳೆ, ಒಂದು ಸೀಸದ ಕಡ್ಡಿ ತೆಗೆದುಕೊಳ್ಳಿರಿ, ಸ್ಕ್ರೂಡ್ರೈವರು ಆಮೇಲೆ.