ಕ್ವಾರ್ಟರ್ಸ್ ಬಿಟ್ಟ ಮೇಲೆ ಮನೆ ಎಲ್ಲಿ?

ನಾಸಿಕ್ ರೋಡ್‌ನ ಫಿರಂಗಿ ದಳದ ಕೇಂದ್ರವಿರಲಿ, ದೇವಳಾಲಿಯ ದಂಡಿರಲಿ, ಛತ್ರಪತಿ ಸಂಭಾಜಿನಗರದ ಕಂಟೋನ್ಮೆಂಟ್ ಇರಲಿ, ಗಂಡ ಯುದ್ಧದಲ್ಲಿ ತೀರಿಕೊಂಡ ಮೇಲೆ ಹೆಂಡತಿ ಮಕ್ಕಳು ಸರ್ಕಾರಿ ಕ್ವಾರ್ಟರ್ಸ್ ಬಿಡಲೇಬೇಕು. ಆಗ ಅತ್ತೆಮನೆಯವರು ‘ಮಗನೇ ಹೋದ, ನಿನಗಿಲ್ಲೇನು ಕೆಲಸ’ ಎಂದರೆ?

ಹಾಗೆನ್ನುವ ಹಕ್ಕು ಅವರಿಗಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಂ ಪ್ರಕಾರ, ಮನೆ ಯಾರ ಹೆಸರಿನಲ್ಲಿದ್ದರೂ ಕೂಡು ಮನೆಯಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ. ಗಂಡ ಸತ್ತ ಮೇಲೂ, ಹಿಂದೆ ಆ ಮನೆಯಲ್ಲಿ ವಾಸವಿರದಿದ್ದರೂ ಈ ಹಕ್ಕು ಉಳಿಯುತ್ತದೆಂದು ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಹೇಳಿತು. ವರ್ಷಗಟ್ಟಲೆ ಕ್ವಾರ್ಟರ್ಸ್‌ನಲ್ಲೇ ಬಾಳಿದವರಿಗೆ ಈ ಮಾತು ತುಂಬ ಮುಖ್ಯ. ಅರ್ಜಿ ಮ್ಯಾಜಿಸ್ಟ್ರೇಟರಿಗೆ. ತವರಿಗೆ ಬಂದು ತಾತ್ಕಾಲಿಕವಾಗಿ ನೆಲೆಸಿದವರು ಬೆಳಗಾವಿಯಲ್ಲೋ ವಿಜಯಪುರದಲ್ಲೋ ಅಲ್ಲಿಯೇ ಸಲ್ಲಿಸಬಹುದು, ನಾಸಿಕ್‌ಗೆ ಅಲೆಯಬೇಕಿಲ್ಲ.

ಇನ್ನು ಪಿಂಚಣಿ. ಸಾವನ್ನು ಸೇನೆ ‘ಬ್ಯಾಟಲ್ ಕ್ಯಾಶುಯಲ್ಟಿ’ ಎಂದು ದಾಖಲಿಸಿದೆಯೇ ಎಂಬುದನ್ನು ಮೊದಲು ನೋಡಿ. ಯುದ್ಧದ ಸಾವಿಗೆ ಸಿಗುವ ಉದಾರೀಕೃತ ಕುಟುಂಬ ಪಿಂಚಣಿ ಕೊನೆಯ ಸಂಬಳದಷ್ಟಿರುತ್ತದೆ. ಸಾಮಾನ್ಯ ದರವಾದರೆ ಶೇ. 30 ಮಾತ್ರ. ಕುಟುಂಬ ಪಿಂಚಣಿ ಸತ್ತವನ ಆಸ್ತಿಯಲ್ಲ. ವಾರಸುದಾರರೆಂದು ಮಾವನೋ ಮೈದುನನೋ ಅದರಲ್ಲಿ ಪಾಲು ಕೇಳುವಂತಿಲ್ಲ. ಬ್ಯಾಂಕ್ ಠೇವಣಿಯ ಮಾತು ಬೇರೆ: ನಾಮಿನಿ ಹಣ ಪಡೆಯುತ್ತಾನಷ್ಟೇ, ಒಡೆಯರು ವಾರಸುದಾರರು. ವಿಲ್ ಇಲ್ಲದ ಹಿಂದೂ ಕುಟುಂಬದಲ್ಲಿ ಗಂಡನ ಆಸ್ತಿ ಹೆಂಡತಿ, ಮಕ್ಕಳು ಮತ್ತು ಅವನ ತಾಯಿಗೆ ಸಮಪಾಲು. ಮಗನನ್ನು ಕಳೆದುಕೊಂಡ ಅತ್ತೆಯ ಪಾಲನ್ನು ಸೊಸೆಯೂ ಅಲ್ಲಗಳೆಯುವಂತಿಲ್ಲ.

ಮರುಮದುವೆಯ ಹೆಸರಲ್ಲಿ ಹೆದರಿಸುವವರೂ ಉಂಟು. ಮರುಮದುವೆಯ ನಂತರವೂ ಗಂಡನ ಶೌರ್ಯ ಪದಕದ ಭತ್ಯೆ ಮುಂದುವರಿಯಬೇಕಾದರೆ ಮೈದುನ ಅಥವಾ ಭಾವನನ್ನೇ ಮದುವೆಯಾಗಬೇಕೆಂಬ ಷರತ್ತು ಸರ್ಕಾರದ ನಿಯಮದಲ್ಲೇ ಇತ್ತು! 2017ರಲ್ಲಿ ಅದು ಹೋಯಿತು. ಅಷ್ಟು ವರ್ಷ ಉಳಿದದ್ದೇ ನಾಚಿಕೆಗೇಡು.

ಪಿಂಚಣಿ ತಿರಸ್ಕೃತವಾದರೆ ಊರಿನ ಸಿವಿಲ್ ಕೋರ್ಟಿಗೆ ಹೋಗಿ ಕಾಲ ಕಳೆಯಬೇಡಿ. ದಾವೆ ನಡೆಯುವುದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ. ಮುಂಬೈ, ಕೊಚ್ಚಿಗಳಲ್ಲಿ ಅದರ ಪೀಠಗಳಿವೆ. ಅಂತಿಮ ಆದೇಶ ಬಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಕಾಗದಪತ್ರ ಹೊಂದಿಸಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ನೆರವಾಗುತ್ತದೆ. ವಕೀಲರ ಖರ್ಚಿಗೆ ಅಂಜಬೇಕಿಲ್ಲ; 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ ಮಹಿಳೆಗೆ ಕಾನೂನು ನೆರವು ಉಚಿತ. ಸಹಾಯವಾಣಿ 15100. ಯಾರೇ ಖಾಲಿ ಕಾಗದ ತಂದರೂ, ಈ ಸಂಖ್ಯೆಗೆ ಕರೆ ಮಾಡಿ ವಿಚಾರಿಸುವ ಮುನ್ನ ಸಹಿ ಹಾಕಬೇಡಿ.